ಗ್ರೈಂಡರಿನ ಗಡೀಪಾರು

ನನ್ನ ಗ್ರೈಂಡರನ್ನು ಅಡುಗೆಮನೆಯಿಂದ ಹೊರಹಾಕಿದಾಗ ನಾನು ಮನೆಯಲ್ಲಿರಲಿಲ್ಲ. ಇಂದಿರಾನಗರದ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಗೋಡೆಗೆ ಮುಖ ಮಾಡಿ ನಿಂತು ಬಲಗೈ ಬೆರಳುಗಳನ್ನು ಹಲ್ಲಿಯಂತೆ ಮೇಲಕ್ಕೆ ಹತ್ತಿಸುತ್ತಿದ್ದೆ. ಭುಜ ಹಿಡಿದುಕೊಂಡು ತಿಂಗಳುಗಳಾಗಿದ್ದವು. ಕೈ ತಲೆಯ ಮಟ್ಟಕ್ಕಿಂತ ಮೇಲೆ ಹೋಗುತ್ತಿರಲಿಲ್ಲ. ಭಾರ ಎತ್ತಕೂಡದು, ಬಗ್ಗಿ ಏನನ್ನೂ ಎಳೆಯಕೂಡದು ಎಂದು ಕ್ಲಿನಿಕ್ಕಿನ ಹುಡುಗಿ ನಗುನಗುತ್ತಲೇ ಕಟ್ಟಪ್ಪಣೆ ಮಾಡಿದ್ದಳು. ಸಂಬಂಧಪಟ್ಟವರ ಗೈರುಹಾಜರಿಯಲ್ಲಿ ತೀರ್ಮಾನ ತೆಗೆದುಕೊಳ್ಳುವ ಪದ್ಧತಿಯನ್ನು ನಾನು ಸರ್ಕಾರಿ ಕಚೇರಿಯಲ್ಲಿ ಸರ್ವೀಸು ಪೂರ್ತಿ ಕಣ್ಣಾರೆ ಕಂಡವಳು. ಅದು ನಮ್ಮ ಮನೆಯೊಳಗೂ ಜಾರಿಗೆ ಬಂದಿದೆಯೆಂದು ತಿಳಿದದ್ದು ಅವತ್ತು.

ವಾಪಸ್ಸು ಬಂದು ನೋಡುತ್ತೇನೆ, ಗ್ರೈಂಡರಿನ ಜಾಗದಲ್ಲಿ ಒಂದು ಓವನ್ ಕೂತಿದೆ. ಕಪ್ಪಗೆ, ಮಿರಮಿರ ಮಿಂಚುತ್ತಾ, ಮೊದಲ ಸಲ ಮನೆಗೆ ಬಂದ ಅಳಿಯನ ಗತ್ತಿನಲ್ಲಿ. ಅದರ ಪಕ್ಕದಲ್ಲಿ ನಮ್ಮ ಯಜಮಾನರು ಕನ್ನಡಕ ಹಣೆಗೇರಿಸಿ ನಿಂತಿದ್ದರು.

"ಏನ್ರೀ ಇದು?"

"ಓವನ್ನು."

"ಅದು ಕಾಣ್ತಿದೆ. ಇಲ್ಲಿದ್ದಿದ್ದು ಎಲ್ಲಿ?"

"ಹಿತ್ಲಲ್ಲಿ ಇಟ್ಟಿದೀನಿ ಕಣೇ, ವಾಷಿಂಗ್ ಮಷೀನ್ ಪಕ್ಕ. ಎಲೆಕ್ಟ್ರಿಷಿಯನ್ ಬಂದಿದ್ನಲ್ಲ, ಇಬ್ರೂ ಸೇರ್ಕೊಂಡು ಎತ್ತಿದ್ವಿ. ಏನ್ ಭಾರ ಅಂತೀಯ! ನನ್ ಸೊಂಟಾನೇ ಹೋಯ್ತು."

ಅದರ ಭಾರ ಎಷ್ಟೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಹಲಸೂರು ಬಜಾರಿನ ಒಂದು ಅಂಗಡಿಯಲ್ಲಿ ನನ್ನ ಸಂಬಳದಲ್ಲಿ ಕೊಂಡ ಕೊಯಮತ್ತೂರಿನ ಗ್ರೈಂಡರು ಅದು. ಹಳೆಯ ಮಾದರಿಯದು, ಬಗ್ಗಿಸುವ ಜಾತಿಯದು. ಪಕ್ಕದ ಹಿಡಿಯನ್ನು ಒತ್ತಿದರೆ ಸಾಕು, ಇಡೀ ಪಾತ್ರೆ ತಲೆಬಾಗಿಸಿ ರುಬ್ಬಿದ ಹಿಟ್ಟನ್ನು ಕೆಳಗಿನ ಪಾತ್ರೆಗೆ ತಾನೇ ಸುರಿಯುತ್ತದೆ. ಕಲ್ಲು ಎತ್ತಬೇಕಾಗಿಲ್ಲ, ಪಾತ್ರೆ ಕಳಚಬೇಕಾಗಿಲ್ಲ. ಮನೆ ಕಟ್ಟಿಸುವಾಗ ನಾನು ಮೇಸ್ತ್ರಿಯ ಜೊತೆ ಜಗಳವಾಡಿ ಅಡುಗೆ ಕಟ್ಟೆಯ ತುದಿಯಲ್ಲಿ ಅದಕ್ಕೆಂದೇ ಒಂದು ತಗ್ಗು ಕಡಪ ಕಲ್ಲು ಹಾಕಿಸಿದ್ದೆ. ಗೋಡೆಯಲ್ಲಿ ಅದಕ್ಕೆಂದೇ ದೊಡ್ಡ ಪ್ಲಗ್ಗನ್ನೂ. ನಿಂತಲ್ಲೇ ರುಬ್ಬಿ ನಿಂತಲ್ಲೇ ಬಗ್ಗಿಸುವ ಎತ್ತರ. ಭುಜ ಕೆಟ್ಟ ಮೇಲೆ ನಾನು ಕುಕ್ಕರ್ ಇಳಿಸಲು ಸೊಸೆಯನ್ನು ಕರೆಯಬೇಕಾಗಿತ್ತು, ನೀರಿನ ಕ್ಯಾನ್ ಎತ್ತಲು ಯಜಮಾನರನ್ನು ಕರೆಯಬೇಕಾಗಿತ್ತು, ಮೇಲಿನ ಶೆಲ್ಫಿನ ಬೆಲ್ಲದ ಡಬ್ಬಿಗೆ ಯಾರು ಸಿಕ್ಕಿದರೆ ಅವರನ್ನು. ಯಾರನ್ನೂ ಕರೆಯದೆ ನನ್ನ ಕೈಯಿಂದಲೇ ಮೊದಲಿನಿಂದ ಕೊನೆಯವರೆಗೆ ಆಗುತ್ತಿದ್ದದ್ದು ರುಬ್ಬುವ ಕೆಲಸವೊಂದೇ. ಅದನ್ನೀಗ ಹಿತ್ತಲಿಗೆ ಹಾಕಿದ್ದರು.

ಹಿತ್ತಲು ಎನ್ನುವುದು ಹಳೇ ಅಭ್ಯಾಸದ ಮಾತು. ನಮ್ಮದು ದೊಮ್ಮಲೂರಿನ ಹಳೇ ಊರಿನೊಳಗಿನ ಮನೆ. ನಮ್ಮ ಮಾವನವರು ಹೂಕೋಸು ಬೆಳೆಯುತ್ತಿದ್ದ ಮಣ್ಣಿನ ಮೇಲೆ ಈಗ ಮೂರು ಅಂತಸ್ತು ಬೆಳೆದಿದೆ. ಮೇಲಿನ ಎರಡರಲ್ಲಿ ಬಾಡಿಗೆಯವರು, ಕೆಳಗೆ ನಾವು: ಯಜಮಾನರು, ನಾನು, ಮಗ, ಸೊಸೆ. ಮಗ ಲಾರಿ ಸರ್ವೀಸಿನ ಕೆಲಸವೆಂದು ತಿಂಗಳಲ್ಲಿ ಅರ್ಧ ಊರಲ್ಲಿರುವುದಿಲ್ಲ, ಆದ್ದರಿಂದ ಈ ಪುರಾಣದಲ್ಲಿ ಅವನಿಗೆ ಪಾತ್ರವಿಲ್ಲ. ಹಿತ್ತಲೆಂದರೆ ನಮ್ಮ ಗೋಡೆಗೂ ಪಕ್ಕದ ಕಟ್ಟಡದ ಗೋಡೆಗೂ ನಡುವೆ ಉಳಿದ, ಸೂರ್ಯನಿಗೆ ವಿಳಾಸ ಗೊತ್ತಿಲ್ಲದ ಓಣಿ. ಇನ್ನು ಅಡುಗೆಮನೆ ಆಗ್ನೇಯ ಮೂಲೆಯಲ್ಲಿದೆ. ವಾಸ್ತುವಿನ ದೃಷ್ಟಿಯಿಂದ ಅತ್ಯಂತ ಪ್ರಶಸ್ತ. ಮನುಷ್ಯರ ದೃಷ್ಟಿಯಿಂದ ಹೇಳುವುದಾದರೆ, ಒಬ್ಬರು ದೋಸೆ ಹುಯ್ಯುತ್ತಿರುವಾಗ ಇನ್ನೊಬ್ಬರಿಗೆ ನೀರು ಬೇಕಾದರೆ ಮೊದಲನೆಯವರು ಹೊರಗೆ ಬಂದು ದಾರಿ ಬಿಡಬೇಕು.

ಇಂಥ ಅಡುಗೆಮನೆಗೆ ನಮ್ಮ ಯಜಮಾನರು ನಿವೃತ್ತರಾದಂದಿನಿಂದ ಯಂತ್ರಗಳನ್ನು ತಂದು ತುಂಬುತ್ತಿದ್ದಾರೆ. ದಸರಾ ಆಫರಿನಲ್ಲಿ ಚಪಾತಿ ಮಾಡುವ ಯಂತ್ರ ಬಂತು. ಅದು ಮಾಡಿದ್ದನ್ನು ಬೀದಿನಾಯಿ ಮೂಸಿ ನೋಡಿ ಮುಂದೆ ಹೋಯಿತು. ದೀಪಾವಳಿಗೆ ಮೊಟ್ಟೆ ಬೇಯಿಸುವ ಯಂತ್ರ ಬಂತು, ನೀರು ಮತ್ತು ಬೆಂಕಿ ಸೇರಿದರೆ ಮೊಟ್ಟೆ ಬೇಯುತ್ತದೆ ಎಂಬ ಸಂಗತಿ ನಮಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲವೇನೋ. ಆಮೇಲೆ ಜ್ಯೂಸರು, ಸ್ಯಾಂಡ್‌ವಿಚ್ ಟೋಸ್ಟರು, ಎರಡು ಇಂಡಕ್ಷನ್ ಒಲೆ. ಎರಡನೆಯದೇಕೆಂದು ಕೇಳಿದರೆ ಮೊದಲನೆಯದು ಕೆಟ್ಟರೆ ಇರಲಿ ಎಂದು. ಸೊಸೆ ತಂದ ಏರ್ ಫ್ರೈಯರೊಂದಿದೆ, ಅವಳು ಬಳಸುತ್ತಾಳೆ, ತಕರಾರಿಲ್ಲ. ಉಳಿದವುಗಳ ಬಗ್ಗೆ ಕೇಳಿದಾಗಲೆಲ್ಲ ಅವರ ಉತ್ತರ ಒಂದೇ: "ಬೇಕಾಗುತ್ತೆ ಕಣೇ." ಯಾವಾಗ, ಯಾರಿಗೆ, ಯಾತಕ್ಕೆ ಎಂಬುದು ಮೇಲ್ಮನವಿಗೆ ಬಿಟ್ಟ ವಿಷಯ. ಎಲ್ಲಿಡಬೇಕೆಂಬ ಪ್ರಶ್ನೆಯಂತೂ ಅಂಗಡಿಯಲ್ಲಿ ದುಡ್ಡು ಕೊಡುವ ಗಂಡಸರ ತಲೆಗೆ ಈ ಭೂಮಿಯ ಮೇಲೆ ಒಮ್ಮೆಯೂ ಹೊಳೆದಿಲ್ಲವೆಂದು ನನ್ನ ಖಚಿತ ನಂಬಿಕೆ.

ಹಿತ್ತಲಲ್ಲಿ ಪ್ಲಗ್ ಒಂದೇ. ಅದು ವಾಷಿಂಗ್ ಮಷೀನಿನದು. ಬಟ್ಟೆ ಮುಗಿದ ಮೇಲೆ ಅಕ್ಕಿ, ಅಕ್ಕಿ ಮುಗಿದ ಮೇಲೆ ಬಟ್ಟೆ. ಗ್ರೈಂಡರು ನೆಲದ ಮೇಲಿದ್ದುದರಿಂದ ಅದರ ಕೆಳಗೆ ಪಾತ್ರೆ ಇಡಲು ಜಾಗವಿಲ್ಲ, ಬಗ್ಗಿಸಿದರೆ ಹಿಟ್ಟು ನೇರ ಮೋರಿಗೆ. ನಾನು ಮಣೆಯ ಮೇಲೆ ಕೂತು ಎಡಗೈಯಿಂದ ಸೌಟಿನಲ್ಲಿ ಹಿಟ್ಟು ತೋಡಬೇಕಾಯಿತು. ತೋಡುತ್ತಾ ತೋಡುತ್ತಾ ಬಲಗೈ ತಾನಾಗಿಯೇ ಮುಂದೆ ಹೋಯಿತು. ಆಮೇಲೆ ಎರಡು ರಾತ್ರಿ ನಾನು ಯಾವ ಮಗ್ಗುಲಿಗೂ ಮಲಗಲಿಲ್ಲ.

ಸೊಸೆ ನೂರಡಿ ರಸ್ತೆಯ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಕೆಟ್ಟವಳಲ್ಲ. ಬೆಳಿಗ್ಗೆ ನನ್ನ ಮುಖ ನೋಡಿ ಅಂದಳು, "ಅತ್ತೆ, ಯಾಕಿಷ್ಟು ಕಷ್ಟ ಪಡ್ತೀರಾ? ಬರ್ತಾ ಹಿಟ್ಟಿನ ಪ್ಯಾಕೆಟ್ ತಂದ್ಬಿಡ್ತೀನಿ. ಎಲ್ರೂ ಅದೇ ತಗೊಳ್ಳೋದು ಈಗ."

"ತಾಯಿ, ಆ ಹಿಟ್ಟಲ್ಲಿ ದೋಸೆ ಹುಯ್ದ್ರೆ ಕಾವಲಿಗೇ ಬೇಜಾರಾಗುತ್ತೆ."

"ಹಾಗಾದ್ರೆ ಗ್ರೈಂಡರ್ ವಾಪಸ್ ಒಳಗಿಡಿ."

"ನಿಮ್ಮಾವನ್ನ ಕೇಳು."

ಅವಳು ಕೇಳಿದಳು. ಆ ಪ್ಲಗ್ಗು ಬಿಟ್ಟರೆ ಬೇರೆ ಯಾವುದೂ ಓವನ್ನನ್ನು ತಡೆಯುವುದಿಲ್ಲ, ವೈರಿಂಗ್ ಸುಟ್ಟುಹೋಗುತ್ತದೆ ಎಂದು ಅವರು ಸುದೀರ್ಘವಾಗಿ ವಿವರಿಸಿದರು. ಆ ಓವನ್ನಿನಲ್ಲಿ ಅಲ್ಲಿಯವರೆಗೆ ಬೆಂದದ್ದು ಒಂದೇ ಒಂದು ಬ್ರೆಡ್ಡು. ಅದನ್ನು ನಾವು ಬಾಗಿಲು ಗಾಳಿಗೆ ಬಡಿಯದಂತೆ ಅಡ್ಡ ಇಡಲು ಬಳಸಬಹುದಿತ್ತು. ಈ ಮಾತನ್ನು ನಾನು ಬಾಯಿಬಿಟ್ಟು ಆಡಿದೆ. ಅವರು ಊಟ ಬಿಟ್ಟು ಎದ್ದರು. ಏಳಲಿ ಎಂದೆ.

ಮೂರು ದಿನ ಮಾತಿರಲಿಲ್ಲ. ನಾಲ್ಕನೆಯ ದಿನ ಅವರು ಪರಿಹಾರದೊಂದಿಗೆ ಬಂದರು. ಪರಿಹಾರದ ಹೆಸರು ಮಾಡ್ಯುಲರ್ ಕಿಚನ್. ಕಮ್ಮನಹಳ್ಳಿ ಮೇನ್ ರೋಡಿನ ಒಂದು ಶೋರೂಮಿನಿಂದ ಡಿಸೈನರ್ ಅನ್ನಿಸಿಕೊಂಡ ಯುವಕ ಲ್ಯಾಪ್‌ಟಾಪ್ ಹಿಡಿದು ಬಂದ. ಶೂ ಬಿಚ್ಚಿ, ನನಗೆ ಕೈಮುಗಿದು, ಕಾಫಿ ಕುಡಿದು, ನಮ್ಮ ಅಡುಗೆಮನೆಯನ್ನು ಪರದೆಯ ಮೇಲೆ ಅರಮನೆ ಮಾಡಿ ತೋರಿಸಿದ. ಅದರಲ್ಲಿ ಎಣ್ಣೆಯ ಡಬ್ಬಿಯಿಲ್ಲ, ಮಸಿಬಟ್ಟೆಯಿಲ್ಲ, ನಿನ್ನೆಯ ಸಾರಿನ ಪಾತ್ರೆಯಿಲ್ಲ. ಕಟ್ಟೆಯ ಮೇಲೆ ಗಾಜಿನ ಬಟ್ಟಲಲ್ಲಿ ಹಸಿರು ಸೇಬುಗಳು ಮಾತ್ರ ಇದ್ದವು.

"ಇದು ಅಪ್ಲಯನ್ಸ್ ಗ್ಯಾರೇಜ್ ಆಂಟಿ. ಶಟರ್ ಎಳೆದ್ರೆ ಮಿಕ್ಸಿ, ಕೆಟಲ್, ಟೋಸ್ಟರ್ ಎಲ್ಲಾ ಒಳಗೆ. ಕೌಂಟರ್ ಮೇಲೆ ಏನೂ ಕಾಣ್ಸಲ್ಲ."

"ಏನೂ ಕಾಣ್ಸದಿದ್ರೆ ಅಡುಗೆ ಮಾಡೋದು ಹ್ಯಾಗಪ್ಪ?"

"ಆಂಟಿ ಜೋಕ್ ಮಾಡ್ತಾರೆ ಸರ್."

ನಾನು ಜೋಕ್ ಮಾಡಿರಲಿಲ್ಲ. ನಮ್ಮ ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲದೆ ಒಬ್ಬರ ಗೇಟಿಗೆ ಇನ್ನೊಬ್ಬರು ಅಡ್ಡ ನಿಲ್ಲಿಸಿ, ದಿನಾ ಬೆಳಿಗ್ಗೆ ಪರಸ್ಪರರ ಅಪ್ಪ ಅಜ್ಜಂದಿರನ್ನೆಲ್ಲ ಎಬ್ಬಿಸಿ ಕರೆಯುತ್ತಾರೆ. ಅಂಥ ಬೀದಿಯಲ್ಲಿ ಮಿಕ್ಸಿಗೊಂದು ಗ್ಯಾರೇಜು ಮಂಜೂರಾಗುತ್ತಿತ್ತು.

"ಗ್ರೈಂಡರ್ ಎಲ್ಲಿ?" ಎಂದೆ.

ಅವನು ಯಜಮಾನರ ಮುಖ ನೋಡಿದ. "ಅದು ಹೆವಿ ಐಟಂ ಅಲ್ವಾ ಆಂಟಿ. ಕಲ್ಲು ಬೇರೆ. ವಾಸ್ತು ಪ್ರಕಾರ ಭಾರ ಎಲ್ಲಾ ನೈಋತ್ಯಕ್ಕೆ ಬರ್ಬೇಕು ಅಂತ ಸರ್ ಹೇಳಿದ್ರು. ಈ ಕಿಚನ್‌ಗೆ ನೈಋತ್ಯದಲ್ಲಿ ಬಾಗ್ಲಿದೆ."

"ಹಾಗಾದ್ರೆ?"

ಯಜಮಾನರು ಗಂಟಲು ಸರಿ ಮಾಡಿಕೊಂಡರು. "ಇಡೀ ಮನೆಗೆ ನೈಋತ್ಯ ಅಂತ ನೋಡಿದ್ರೆ ನಮ್ಮ ರೂಮು ಬರುತ್ತೆ. ಮಂಚದ ಪಕ್ಕ ಜಾಗ ಇದೆ. ಅಲ್ಲೊಂದು ದೊಡ್ಡ ಪ್ಲಗ್ ಹಾಕಿಸ್ಬಿಟ್ರೆ, ನಿಂಗೂ ಕೂತ್ಕೊಂಡು ಆರಾಮಾಗಿ..."

"ಗ್ರೈಂಡರು ಅಲ್ಲಿ ಮಲಗಿದ್ರೆ ನೀವೆಲ್ಲಿ ಮಲಗ್ತೀರಾ?"

ಯುವಕ ಲ್ಯಾಪ್‌ಟಾಪಿನೊಳಗೆ ತಲೆ ಹುದುಗಿಸಿದ. ಈ ದೇಶದಲ್ಲಿ ಹೆಂಗಸಿನ ಭುಜಕ್ಕೆ ದಿಕ್ಕು ತೋರಿಸುವ ಶಾಸ್ತ್ರವೊಂದನ್ನು ಬಿಟ್ಟು ಉಳಿದೆಲ್ಲ ಶಾಸ್ತ್ರಗಳೂ ಇವೆ ಎಂದು ನಾನು ಗಟ್ಟಿಯಾಗಿಯೇ ಅಂದೆ. ಅವನು ಮೆಲ್ಲಗೆ ವಿಷಯ ಬದಲಿಸಿದ. ಕೆಳಗೆ ಜಾಗ ಮಾಡಬೇಕೆಂದರೆ ಮೇಲೆ ಜಾಗ ಬೇಕು, ಅಡುಗೆಮನೆಯ ಮೇಲಿನ ಅಟ್ಟ ದೊಡ್ಡದಿದೆ, ಅದನ್ನು ಖಾಲಿ ಮಾಡಿಕೊಟ್ಟರೆ ಶನಿವಾರ ಬಡಗಿಯನ್ನು ಕಳಿಸಿ ಅಳತೆ ತೆಗೆಸುತ್ತೇನೆ ಎಂದ.

ಅಟ್ಟ ಯಜಮಾನರ ಇಲಾಖೆ. ನಾನು ಅದರೊಳಗೆ ಇಣುಕಿ ವರ್ಷಗಳಾಗಿದ್ದವು. ಏನಿದೆ ಎಂದು ಕೇಳಿದರೆ "ಸಾಮಾನಿದೆ" ಅನ್ನುತ್ತಿದ್ದರು. ನಾನೂ ಒಪ್ಪಿದ್ದೆ: ಹಳೇ ಹಿತ್ತಾಳೆ ಪಾತ್ರೆ, ಹಬ್ಬದ ದೊಡ್ಡ ಕೊಳಗ, ಇಂಥವಿರಬಹುದೆಂದು. ಶನಿವಾರ ಬೆಳಿಗ್ಗೆ ಶಿವಾಜಿನಗರದಿಂದ ಬಡಗಿ ಏಣಿ ಹೊತ್ತು ಬಂದಾಗ ಯಜಮಾನರಿಗೆ ಇದ್ದಕ್ಕಿದ್ದಂತೆ ರಾಹುಕಾಲ ನೆನಪಾಯಿತು.

"ಇವತ್ತು ಬೇಡ ಬಿಡು. ಸೋಮವಾರ ನೋಡೋಣ."

"ಓವನ್ ಬಂದಾಗ ರಾಹುಕಾಲ ನೋಡಿದ್ರಾ? ಹತ್ತಪ್ಪ ನೀನು."

ಬಡಗಿ ಹತ್ತಿದ. ಮೊದಲ ಡಬ್ಬವನ್ನು ಎರಡು ಬೆರಳಲ್ಲಿ ಹಿಡಿದು ಕೆಳಗಿಳಿಸಿದ. "ಅಮ್ಮಾ, ಇದು ಖಾಲಿ ಐತೆ." ಎರಡನೆಯದು ಇಳಿಯಿತು. "ಇದೂ ಖಾಲಿ." ಆಮೇಲೆ ಒಳಗಿನಿಂದ ಧ್ವನಿ ಮಾತ್ರ ಬರತೊಡಗಿತು: "ಖಾಲಿ ಅಮ್ಮಾ. ಯೇ ಭೀ ಖಾಲಿ. ಅರೆ, ಡಬ್ಬಾ ಒಳಗೆ ಇನ್ನೊಂದು ಡಬ್ಬಾ ಐತೆ, ಅದೂ ಖಾಲಿ!"

ಮಿಕ್ಸಿಯ ಡಬ್ಬ. ಅದಕ್ಕೆ ಮೊದಲಿದ್ದ ಮಿಕ್ಸಿಯ ಡಬ್ಬ. ಕುಕ್ಕರಿನದು, ಇಸ್ತ್ರಿಪೆಟ್ಟಿಗೆಯದು, ಫ್ಯಾನಿನದು. ಚಪಾತಿ ಯಂತ್ರದ್ದು, ಮೊಟ್ಟೆ ಯಂತ್ರದ್ದು, ಎಲ್ಲಕ್ಕಿಂತ ಮುಂದೆ ಹೊಚ್ಚಹೊಸದಾಗಿ ಓವನ್ನಿನದು. ನಡುಮನೆ ತುಂಬಿತು, ಸೋಫಾ ಮುಳುಗಿತು, ಥರ್ಮೋಕೋಲಿನ ಕಾಳುಗಳು ಫ್ಯಾನಿನ ಗಾಳಿಗೆ ಎದ್ದು ನಮ್ಮೆಲ್ಲರ ತಲೆಯ ಮೇಲೆ ಅಕ್ಷತೆಯಂತೆ ಬಿದ್ದವು. ಪ್ರತಿ ಡಬ್ಬದೊಳಗೂ ಥರ್ಮೋಕೋಲಿನಲ್ಲಿ ಆಯಾ ಯಂತ್ರದ ಅಚ್ಚು ಅಚ್ಚುಕಟ್ಟಾಗಿ ಉಳಿದಿತ್ತು. ಮಿಕ್ಸಿಯ ಆಕಾರದ ಶೂನ್ಯ, ಇಸ್ತ್ರಿಪೆಟ್ಟಿಗೆಯ ಆಕಾರದ ಶೂನ್ಯ. ಮನೆಯಲ್ಲಿ ಉಳಿದಿದ್ದ ಒಂದೇ ಒಂದು ಒಳ್ಳೆಯ ಜಾಗದಲ್ಲಿ ನಾವು ಶೂನ್ಯವನ್ನು ಒಪ್ಪವಾಗಿ ಜೋಡಿಸಿಟ್ಟಿದ್ದೆವು. ನನ್ನ ಗ್ರೈಂಡರು ಮೋರಿಯ ಪಕ್ಕದಲ್ಲಿತ್ತು.

ಸೊಸೆ ಒಂದು ಭಾರಿ ಡಬ್ಬವನ್ನು ತಿರುಗಿಸಿ ನೋಡಿದಳು. "ಮಾವ, ಇದು ಎಕ್ಸ್‌ಚೇಂಜಲ್ಲಿ ಕೊಟ್ವಲ್ಲ, ಆ ಹಳೇ ಟಿವೀದಲ್ವಾ?"

"ಹೂಂ."

"ಟಿವೀನೇ ಇಲ್ವಲ್ಲ ಮಾವ?"

"ಡಬ್ಬ ಗಟ್ಟಿ ಇತ್ತು ಕಣಮ್ಮ."

ನನ್ನ ಬಾಯಿಂದ ಬಂದ ಮಾತುಗಳನ್ನೆಲ್ಲ ಇಲ್ಲಿ ಬರೆಯಲಾರೆ. ಮೇಲಿನ ಮನೆಯ ಬಾಡಿಗೆಯವರು ಮೆಟ್ಟಿಲಿಳಿಯುತ್ತಿದ್ದವರು ವಾಪಸ್ಸು ಹತ್ತಿದರು. ಯಜಮಾನರು ಮೊದಲು ಗ್ಯಾರಂಟಿ ಎಂದರು. ರಿಪೇರಿಗೆ ಕಳಿಸಬೇಕಾದರೆ ಡಬ್ಬ ಕೇಳುತ್ತಾರೆ. ಗ್ಯಾರಂಟಿ ಮುಗಿದ ಡಬ್ಬಗಳೇಕೆ ಎಂದೆ. ಆಗ ಹೊರಬಂತು ಅಸಲು ಕಾರಣ.

"ಮನೆ ಶಿಫ್ಟ್ ಮಾಡ್ಬೇಕಾದ್ರೆ ಬೇಕಾಗುತ್ತೆ ಕಣೇ."

"ಶಿಫ್ಟ್? ಎಲ್ಲಿಗ್ರೀ? ಸ್ವಂತ ಮನೆ! ನಿಮ್ಮ ತಾತನ ಕಾಲದಿಂದ ಇದೇ ಊರಲ್ಲಿ ಬಿದ್ದಿದೀರಾ. ಬೆಂಗಳೂರೇ ನಿಮ್ಮನೆ ಹತ್ರ ಬಂತೇ ಹೊರತು ನೀವೆಲ್ಲಿಗ್ ಹೋದ್ರಿ?"

"ಹೋಗಿದೀವಿ," ಎಂದರು.

ಅವರು ಸೋಫಾದ ಅಂಚಿನಲ್ಲಿ ಟಿವಿ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅವರು ಚಿಕ್ಕವರಿದ್ದಾಗ ಅವರ ಹಳೇ ಮನೆಯ ಜಾಗ ರಸ್ತೆಗೆ ಹೋಯಿತು. ಆ ಕಥೆಯನ್ನು ನಾನು ಮದುವೆಯಾದಾಗಿನಿಂದ ಕೇಳಿದ್ದೇನೆ: ನೆಲ ಎಷ್ಟಿತ್ತು, ಬಾವಿ ಎಲ್ಲಿತ್ತು, ಸೀಬೆಮರ ಎಷ್ಟು ದೊಡ್ಡದಿತ್ತು. ಸಾಮಾನು ಸಾಗಿಸಿದ ಭಾಗವನ್ನು ಮಾತ್ರ ಅವರು ಯಾವತ್ತೂ ಹೇಳಿರಲಿಲ್ಲ. ಎರಡು ಬೀದಿ ಆಚೆಗೆ ಬರಬೇಕಾಗಿತ್ತು, ಅಷ್ಟೇ. ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಕೈಗಾಡಿಯಲ್ಲಿ ತಳ್ಳಿಕೊಂಡು ಬಂದರಂತೆ. ದಾರಿಯಲ್ಲಿ ಒಂದು ಚೀಲ ಜಾರಿತು. ಉಪ್ಪಿನಕಾಯಿಯ ಭರಣಿಗಳು, ದೀಪದ ಗಾಜುಗಳು, ನಮ್ಮತ್ತೆಯವರು ತವರಿನಿಂದ ತಂದ ಪಿಂಗಾಣಿ. ನಮ್ಮತ್ತೆ ಬೀದಿಯ ಮಧ್ಯೆ ಕೂತು, ಓಡಾಡುವವರೆಲ್ಲ ನೋಡುತ್ತಿರುವಾಗ, ಚೂರುಗಳನ್ನು ಸೆರಗಿಗೆ ಆರಿಸಿಕೊಂಡರಂತೆ.

"ಒಂದು ಒಳ್ಳೆ ಡಬ್ಬ ಇರ್ಲಿಲ್ಲ ಕಣೇ ಮನೇಲಿ," ಎಂದರು.

ಬಡಗಿ ಏಣಿಯ ಮೇಲೆ ಅರ್ಧದಲ್ಲಿ ನಿಂತಿದ್ದ. ಸೊಸೆ ನನ್ನ ಮುಖ ನೋಡುತ್ತಿದ್ದಳು. ನನಗೆ ಮರುಕ ಬಂತು, ಅದನ್ನು ನಿರಾಕರಿಸುವುದಿಲ್ಲ. ನಮ್ಮತ್ತೆಯವರನ್ನು ನಾನು ಬಲ್ಲೆ. ಬೀದಿಯಲ್ಲಿ ಕೂರುವ ಹೆಂಗಸಲ್ಲ ಅವರು. ಆದರೆ ಮರುಕ ಬಂದ ಮಾತ್ರಕ್ಕೆ ಭುಜ ಬಿಟ್ಟುಕೊಳ್ಳುವುದಿಲ್ಲ. ಆ ಕ್ಷಣದಲ್ಲೂ ಅದು ಚುಳುಚುಳು ಅನ್ನುತ್ತಲೇ ಇತ್ತು. ತಾಯಿ ಚೂರು ಆರಿಸಿದ್ದನ್ನು ಅಷ್ಟು ವರ್ಷ ಮರೆಯದ ಮನುಷ್ಯ, ಹೆಂಡತಿ ಮೋರಿಯ ಪಕ್ಕ ಮಣೆಯ ಮೇಲೆ ಕೂತು ಹಿಟ್ಟು ತೋಡುವುದನ್ನು ಇಷ್ಟು ದಿನ ನೋಡಿಕೊಂಡು ಪೇಪರ್ ಓದಿದ್ದ. ಅದನ್ನು ನೆನೆದಾಗ ಇಳಿಯಲು ಹೊರಟಿದ್ದ ಕೋಪ ಮೊದಲಿಗಿಂತ ಬಿಸಿಯಾಗಿ ವಾಪಸ್ಸು ಬಂತು.

"ರಸ್ತೆ ಮತ್ತೆ ಬರೋದಾದ್ರೆ ಬರ್ಲಿ," ಎಂದೆ. "ಬಂದಾಗ ಎಲ್ಲಾ ರೆಡಿ ಇರ್ಲಿ. ಈಗ್ಲೇ ಪ್ಯಾಕ್ ಮಾಡ್ಬಿಡೋಣ."

"ಏನನ್ನ?"

ನಾನು ಬಡಗಿಗೆ ಹೇಳಿದೆ, "ಏಯ್, ಆ ಓವನ್ ತಗೊಂಡ್ಬಾಪ್ಪ."

ಓವನ್ನು ತನ್ನ ಥರ್ಮೋಕೋಲಿನೊಳಗೆ ತಾಯಿಯ ಗರ್ಭಕ್ಕೆ ಮರಳಿದಂತೆ ಕೂತುಕೊಂಡಿತು. ಎಲ್ಲಿಯೂ ಒಂದು ಕೂದಲಿನಷ್ಟು ಸಂದಿಲ್ಲ. ಗ್ಯಾರಂಟಿ ಕಾರ್ಡನ್ನೂ ಒಳಗಿಟ್ಟೆ. ಚಪಾತಿ ಯಂತ್ರ ಅದರ ಡಬ್ಬಕ್ಕೆ, ಮೊಟ್ಟೆ ಯಂತ್ರ ಅದರದಕ್ಕೆ, ಜ್ಯೂಸರು, ಟೋಸ್ಟರು, ಎರಡನೆಯ ಇಂಡಕ್ಷನ್ ಒಲೆ. ಇಷ್ಟು ಕರಾರುವಾಕ್ಕಾದ ಕಪಾಟನ್ನು ಯಾವ ಕಮ್ಮನಹಳ್ಳಿಯ ಶೋರೂಮೂ ಮಾಡಿಕೊಡಲಾರದು. ಡಬ್ಬ ಬೇಕಾಗುತ್ತದೆಂದು ಯಜಮಾನರೇ ಹೇಳಿದ್ದರು, ಬೇಕಾಗಿತ್ತು. ಬಡಗಿ ಒಂದೊಂದನ್ನೇ ಅಟ್ಟಕ್ಕೇರಿಸಿದ. ಈಗ ಅವು ಭಾರವಾಗಿದ್ದವು, ಎರಡು ಕೈ ಬೇಕಾಯಿತು.

ಯಂತ್ರವಿಲ್ಲದ ಡಬ್ಬಗಳನ್ನು ಹಳೇ ಪೇಪರಿನವನಿಗೆ ಕೊಟ್ಟೆವು. ಟಿವಿ ಡಬ್ಬವನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ. ನಾನೂ ಕಿತ್ತುಕೊಳ್ಳಲಿಲ್ಲ. ಅದೀಗ ನಮ್ಮ ರೂಮಿನಲ್ಲಿ, ಮಂಚದ ಪಕ್ಕ, ಶಾಸ್ತ್ರೋಕ್ತವಾಗಿ ನೈಋತ್ಯದಲ್ಲಿದೆ. ಡಿಸೈನರ್ ಎರಡು ಸಲ ಫೋನ್ ಮಾಡಿ ಆಫರ್ ಮುಗಿಯುತ್ತದೆ ಆಂಟಿ ಎಂದ. ಮುಗಿಯಲಿ ಎಂದೆ.

ಅವತ್ತೇ ಮಧ್ಯಾಹ್ನ ಬಡಗಿ ಒಂದು ಕಡೆ, ಯಜಮಾನರು ಇನ್ನೊಂದು ಕಡೆ ಹಿಡಿದು ಗ್ರೈಂಡರನ್ನು ಒಳಗೆ ತಂದರು. ಸೊಸೆ ಬಾಗಿಲ ಹತ್ತಿರ ಅದರ ವೈರು ಹಿಡಿದುಕೊಂಡು, ಮದುವಣಗಿತ್ತಿಯ ಸೆರಗು ಹಿಡಿದವಳಂತೆ ಹಿಂದೆ ಬಂದಳು. ಗ್ರೈಂಡರು ಕಡಪ ಕಲ್ಲಿನ ಮೇಲೆ ಕೂತಾಗ ಯಜಮಾನರು ಸೊಂಟ ಹಿಡಿದುಕೊಂಡು ನನ್ನ ಕಡೆ ನೋಡಿದರು. ನಾನು ಸಹಾನುಭೂತಿ ಸೂಚಿಸಲಿಲ್ಲ. ಸಂಜೆ ಅಕ್ಕಿ ನೆನೆಹಾಕಿದೆ.

ಕೆಲವು ವಾರ ಕಳೆದು, ಒಂದು ಭಾನುವಾರ ಬೆಳಿಗ್ಗೆ ಅವರು ಫೋನಿನಲ್ಲಿ ಏನೋ ನೋಡುತ್ತಾ ಅಡುಗೆಮನೆಯ ಬಾಗಿಲಿಗೆ ಬಂದರು. ನಾನು ಗ್ರೈಂಡರಿಗೆ ಉದ್ದಿನಬೇಳೆ ಹಾಕುತ್ತಿದ್ದೆ.

"ಪಿಜ್ಜಾ ಮಾಡೋಣ ಅನ್ಕೊಂಡೆ. ಬರೀ ಇಪ್ಪತ್ತು ನಿಮಿಷ ಅಂತೆ."

"ಮಾಡಿ."

"ಓವನ್ ಇಳಿಸ್ಬೇಕಲ್ಲ."

"ಇಳಿಸ್ಕೊಳ್ಳಿ."

ಅವರು ತಲೆಯೆತ್ತಿ ಅಟ್ಟ ನೋಡಿದರು. ಆಮೇಲೆ ತಮ್ಮ ಮೊಣಕಾಲು ನೋಡಿಕೊಂಡರು. ಏಣಿ ಹಿತ್ತಲಲ್ಲಿತ್ತು.

"ಯಾರಾದ್ರೂ ಸ್ವಲ್ಪ ಇಳಿಸಿಕೊಟ್ಟಿದ್ರೆ..." ಎಂದರು. ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳುತ್ತಿದ್ದದ್ದು ಅದೇ ಮೊದಲು. ಹೇಳುವ ಅಭ್ಯಾಸವಿಲ್ಲದ್ದರಿಂದ ಮಧ್ಯದಲ್ಲೇ ನಿಂತುಹೋಯಿತು.

"ಕರೀರಿ ಯಾರನ್ನಾದ್ರೂ."

"ಭಾನುವಾರ ಯಾರ್ ಸಿಗ್ತಾರೆ?"

ನಾನು ನೀರು ಚಿಮುಕಿಸಿ ಸ್ವಿಚ್ ಹಾಕಿದೆ. ಕಲ್ಲು ತಿರುಗತೊಡಗಿತು. ಅವರು ಬಾಗಿಲಲ್ಲೇ ನಿಂತು ಇನ್ನೂ ಏನೋ ಹೇಳಿದರು. ಗ್ರೈಂಡರಿನ ಸದ್ದಿನಲ್ಲಿ ಒಂದು ಅಕ್ಷರವೂ ಕೇಳಿಸಲಿಲ್ಲ. ಆಫ್ ಮಾಡಿ ಕೇಳಬಹುದಿತ್ತು. ಮಾಡಲಿಲ್ಲ.